ಹಳೆಯ ಕೊಳವೆ, ಹೊಸ ಹರಳು

ಕತ್ತಲೆಯಲ್ಲಿ ಹೊರಗೆ ಹೊರಟವರಿಗೆ "ಬ್ಯಾಟರಿ ತೆಗೆದುಕೊಂಡು ಹೋಗು" ಎಂದು ಮನೆಯ ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ದೀಪವನ್ನು ಬಿಟ್ಟು, ಅದರ ಹೊಟ್ಟೆಯೊಳಗಿರುವ ವಸ್ತುವಿನ ಹೆಸರಿನಿಂದ ಅದನ್ನು ಕರೆಯುವುದು ಸರಿಯಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಆದರೆ ಚರಿತ್ರೆಯನ್ನು ತಿರುವಿ ನೋಡಿದರೆ ಈ ರೂಢಿಯಲ್ಲಿ ನ್ಯಾಯವುಂಟು. ಕೈಯಲ್ಲಿ ಹಿಡಿದು ನಡೆಯುವ ವಿದ್ಯುದ್ದೀಪ ಅಷ್ಟು ತಡವಾಗಿ ಹುಟ್ಟಿದ್ದು ಬಲ್ಬಿನ ದೆಸೆಯಿಂದಲ್ಲ, ಬ್ಯಾಟರಿಯ ದೆಸೆಯಿಂದ.

ಎಡಿಸನ್ನನ ಇಂಗಾಲದ ತಂತುವಿನ ದೀಪ 1879ರಲ್ಲಿಯೇ ಬೆಳಗಿತ್ತು. ಇಂಗ್ಲೆಂಡಿನಲ್ಲಿ ಸ್ವಾನ್ ಎಂಬಾತನೂ ಸುಮಾರು ಅದೇ ಕಾಲಕ್ಕೆ ಅದೇ ಕೆಲಸವನ್ನು ಸಾಧಿಸಿದ್ದನು. ಆದರೆ ಅದನ್ನು ಉರಿಸುವ ವಿದ್ಯುತ್ತನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವುದು ಹೇಗೆ? ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶ ಆಗ ತಂತಿ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಅದೊಂದು ಗಾಜಿನ ಜಾಡಿ. ಒಳಗೆ ನವಸಾಗರ ಕರಗಿಸಿದ ನೀರು, ಸತುವಿನ ಒಂದು ಕಡ್ಡಿ, ಮ್ಯಾಂಗನೀಸ್ ಡೈಆಕ್ಸೈಡಿನ ನಡುವೆ ನಿಲ್ಲಿಸಿದ ಇಂಗಾಲ. ಬಗ್ಗಿಸಿದರೆ ಚೆಲ್ಲುವ, ಬೀಳಿಸಿದರೆ ಒಡೆಯುವ ಈ ಜಾಡಿಯನ್ನು ಹೊತ್ತು ಹಿತ್ತಲಿಗೆ ಹೋಗುವ ಹಾಗಿರಲಿಲ್ಲ. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಎಂಬಾತ ಒಂದು ಉಪಾಯ ಮಾಡಿದನು. ಸತುವನ್ನೇ ಬಟ್ಟಲಾಗಿ ಮಾಡಿ, ನವಸಾಗರವನ್ನು ಪ್ಲಾಸ್ಟರಿನೊಂದಿಗೆ ಕಲಸಿ ಒಳಗೆ ತುಂಬಿ, ಮೇಲೆ ಮುಚ್ಚಿಬಿಟ್ಟನು. ನೀರಿಲ್ಲದ ಕೋಶ, ಯಾವ ಕಡೆ ತಿರುಗಿಸಿದರೂ ಕೆಲಸ ಮಾಡುವ ಕೋಶ. ಇಂದಿಗೂ ಅಂಗಡಿಯಲ್ಲಿ ದೊರೆಯುವ ಅಗ್ಗದ ಸೆಲ್ಲು ಇದರ ನೇರ ವಂಶಜ.

ಅನಂತರದ ಕಥೆ ನ್ಯೂಯಾರ್ಕಿನದು. ರಷ್ಯಾದ ಆಳಿಕೆಯಲ್ಲಿದ್ದ ಮಿನ್ಸ್ಕ್ ಪಟ್ಟಣದಿಂದ 1891ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಅಕೀಬಾ ಹೊರೊವಿಟ್ಸ್ ಎಂಬಾತನು ಅಲ್ಲಿ ಕಾನ್ರಾಡ್ ಹ್ಯೂಬರ್ಟ್ ಎಂದು ಹೆಸರು ಬದಲಾಯಿಸಿಕೊಂಡು ವಿದ್ಯುತ್ತಿನ ಸಣ್ಣಪುಟ್ಟ ಆಟದ ಸಾಮಾನುಗಳ ವ್ಯಾಪಾರವನ್ನು ನಡೆಸುತ್ತಿದ್ದನು. ಡೇವಿಡ್ ಮಿಸೆಲ್ ಎಂಬ ಇಂಗ್ಲಿಷ್ ಶೋಧಕನು ಕಾಗದದ ಕೊಳವೆಯೊಂದರಲ್ಲಿ ಮೂರು ಒಣ ಸೆಲ್ಲುಗಳನ್ನು ಒಂದರ ಬೆನ್ನಿಗೆ ಒಂದರಂತೆ ಇಟ್ಟು, ಮುಂದೆ ಬಲ್ಬನ್ನೂ ಹಿತ್ತಾಳೆಯ ಪ್ರತಿಫಲಕವನ್ನೂ ಜೋಡಿಸಿದ್ದನು. 1899ರ ಜನವರಿ 10ರಂದು ದೊರೆತ ಅದರ ಪೇಟೆಂಟಿನ ಹಕ್ಕು ಹ್ಯೂಬರ್ಟನ ಕಂಪೆನಿಗೆ ಸೇರಿತು. ಕೆಲವು ದೀಪಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಬಳಸಿ ನೋಡಲು ಕೊಟ್ಟರು. ಅವರು ಮೆಚ್ಚಿದ್ದೇ ಜಾಹೀರಾತಾಯಿತು. ಎವರೆಡಿ ಎಂಬ ಹೆಸರು ಹುಟ್ಟಿದ್ದು ಈ ಅಂಗಡಿಯಲ್ಲಿಯೇ. ಹ್ಯೂಬರ್ಟ್ 1928ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯ ಬಹುಭಾಗವನ್ನು ಧರ್ಮಕಾರ್ಯಗಳಿಗೆ ಬಿಟ್ಟಿದ್ದನು.

ಅಮೆರಿಕದವರು ಈ ದೀಪವನ್ನು ಫ್ಲ್ಯಾಷ್‌ಲೈಟ್ ಎಂದು ಕರೆದರು. ಫ್ಲ್ಯಾಷ್ ಎಂದರೆ ಮಿಂಚು. ಇದು ಹೊಗಳಿಕೆಯ ಹೆಸರಲ್ಲ. ಅಂದಿನ ಸೆಲ್ಲು ದುರ್ಬಲ, ಇಂಗಾಲದ ತಂತು ದುಂದುಗಾರ. ಒಂದೇ ಸಮನೆ ಉರಿಸಲಾಗದೆ, ಒತ್ತಿ ಬಿಟ್ಟು, ಮತ್ತೆ ಒತ್ತಿ ಬಿಟ್ಟು ಮಿಂಚಿನಂತೆ ಬಳಸಬೇಕಾಗಿತ್ತು. ಇಂಗ್ಲಿಷರು ಟಾರ್ಚ್ ಎಂದರು. ಟಾರ್ಚ್ ಎಂದರೆ ಪಂಜು. ಮೈಸೂರಿನ ಬನ್ನಿಮಂಟಪದಲ್ಲಿ ದಸರೆಯ ರಾತ್ರಿ ನಡೆಯುವ ಪಂಜಿನ ಕವಾಯತಿನಲ್ಲಿ ಆ ಹಳೆಯ ಪದ ನಮ್ಮಲ್ಲಿ ಇನ್ನೂ ಬೆಳಗುತ್ತಿದೆ. ಕರಾವಳಿಯ ಬಯಲಾಟಕ್ಕೆ ದೊಂದಿ, ಮಲೆನಾಡಿನ ಕಾಲುದಾರಿಗೆ ತೆಂಗಿನ ಗರಿಯ ಸೂಡಿ, ಬಯಲುಸೀಮೆಯ ಹೊಲಮನೆಗೆ ಲಾಂದ್ರ, ಇವೇ ನಮ್ಮ ಅಜ್ಜಂದಿರ ಕೈದೀಪಗಳು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಎಷ್ಟೋ ಹಳ್ಳಿಗಳು ಮೊದಲು ಕಂಡ ವಿದ್ಯುತ್ ಬೆಳಕು ಕಂಬದ್ದಲ್ಲ, ಪಟೇಲರ ಅಥವಾ ಶಾನುಭೋಗರ ಕೈಯಲ್ಲಿದ್ದ ಎರಡು ಸೆಲ್ಲಿನ ಟಾರ್ಚಿನದು.

ಬಲ್ಬಿನೊಳಗೆ ಇಂಗಾಲದ ಬದಲು ಟಂಗ್‌ಸ್ಟನ್ ತಂತು ಬಂದ ಮೇಲೆ, ಅಂದರೆ 1910ರ ಆಸುಪಾಸಿನಿಂದ, ಟಾರ್ಚು ನಿಜವಾಗಿ ಉಪಯೋಗದ ವಸ್ತುವಾಯಿತು. ಅದರ ಬೆಲೆಯನ್ನು ಜನ ಅರಿತದ್ದು ಯುದ್ಧಕಾಲದಲ್ಲಿ. 1939ರಲ್ಲಿ ಇಂಗ್ಲೆಂಡಿನ ಬೀದಿಗಳೆಲ್ಲ ಕತ್ತಲಾದವು. ವೈರಿಯ ವಿಮಾನಕ್ಕೆ ಕಾಣದಂತೆ ಟಾರ್ಚಿನ ಬಾಯಿಗೆ ತೆಳುಕಾಗದ ಕಟ್ಟಿ, ಬೆಳಕನ್ನು ನೆಲಕ್ಕೆ ತಿರುಗಿಸಿ ನಡೆಯಬೇಕೆಂದು ಆಜ್ಞೆಯಾಯಿತು. 'ನಂಬರ್ ಎಂಟು' ಎಂಬ ಸೆಲ್ಲಿಗಾಗಿ ಅಂಗಡಿಗಳ ಮುಂದೆ ಪರದಾಟವಾಯಿತು. ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಸೆಲ್ಲೇ ಸಿಗದಾದಾಗ, ಫಿಲಿಪ್ಸ್ ಕಾರ್ಖಾನೆ ಅಂಗೈಯಲ್ಲಿ ಹಿಚುಕಿದರೆ ಉರಿಯುವ ಪುಟ್ಟ ಡೈನಮೊ ಟಾರ್ಚನ್ನು ಮಾಡಿತು. ಅದರ ಗುರುಗುಟ್ಟುವ ಸದ್ದಿಗೆ ಡಚ್ಚರು ಅದನ್ನು 'ಹಿಚುಕುವ ಬೆಕ್ಕು' ಎಂದು ಕರೆದರು.

ನಮ್ಮ ದೇಶದಲ್ಲಿ ಎವರೆಡಿ ಕಂಪೆನಿ 1934ರಲ್ಲಿ ನೋಂದಣಿಯಾಗಿ, 1959ರಲ್ಲಿ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಹೆಸರನ್ನು ತಾಳಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ಜನರ ಮೇಲೆ ವಿಷಾನಿಲ ಹರಡಿದ ಕಾರ್ಖಾನೆ ಇದೇ ಸಂಸ್ಥೆಯದು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಕೀಟನಾಶಕ, ಸೆಲ್ಲಲ್ಲ. ಆದರೂ ಮನೆಮನೆಯ ಟಾರ್ಚಿನ ಮೇಲಿದ್ದ ಹೆಸರಿಗೂ ಆ ರಾತ್ರಿಗೂ ಇದ್ದ ಸಂಬಂಧವನ್ನು ಬಲ್ಲವರು ಕಡಿಮೆ. ಬ್ಯಾಟರಿಯ ವ್ಯಾಪಾರ 1994ರಲ್ಲಿ ಬೇರೆಯವರ ಕೈಗೆ ಹೋಯಿತು.

ಇಲ್ಲಿಗೆ ಕೊಳವೆಯ ಕಥೆ ಮುಗಿಯಿತು. ಇನ್ನು ಹರಳಿನ ಕಥೆ. ಬಾನುಲಿ ಕೇಳುವ ನಿಮಗೆ ಇದು ಹೆಚ್ಚು ಆಪ್ತವಾದೀತು. ಏಕೆಂದರೆ ಇಂದಿನ ಎಲ್‌ಇಡಿ ಬೆಳಕು ಹುಟ್ಟಿದ್ದು ದೀಪದ ಕಾರ್ಖಾನೆಯಲ್ಲಲ್ಲ, ರೇಡಿಯೋ ಕೆಲಸಗಾರರ ಮೇಜಿನ ಮೇಲೆ. ವಾಲ್ವುಗಳಿಗಿಂತ ಮುಂಚಿನ ಕಾಲದಲ್ಲಿ ಅಲೆಗಳನ್ನು ಹಿಡಿಯಲು ಖನಿಜದ ಹರಳೊಂದನ್ನು ಲೋಹದ ಮೊನೆಯಿಂದ ಮುಟ್ಟಿಸುತ್ತಿದ್ದರು. ಮಾರ್ಕೋನಿಯ ಬಳಿ ಕೆಲಸದಲ್ಲಿದ್ದ ಹೆನ್ರಿ ರೌಂಡ್ ಎಂಬ ಎಂಜಿನಿಯರು 1907ರಲ್ಲಿ ಕಾರ್ಬೊರಂಡಂ ಹರಳಿಗೆ ವಿದ್ಯುತ್ತನ್ನು ಹಾಯಿಸಿ ನೋಡುತ್ತಿದ್ದಾಗ ಅದು ಹಳದಿಯಾಗಿ ಮಿನುಗಿತು. ಕಾರ್ಬೊರಂಡಂ ಎಂದರೆ ಸಾಣೆಕಲ್ಲಿಗೆ ಬಳಸುವ ವಸ್ತು. ರೌಂಡ್ ಪತ್ರಿಕೆಯೊಂದಕ್ಕೆ ಚಿಕ್ಕದೊಂದು ಟಿಪ್ಪಣಿಯನ್ನು ಬರೆದು ಸುಮ್ಮನಾದನು. ರಷ್ಯಾದಲ್ಲಿ ನಿಜ್ನಿ ನೊವ್‌ಗೊರೊಡ್ ನಗರದ ರೇಡಿಯೋ ಪ್ರಯೋಗಾಲಯದಲ್ಲಿದ್ದ ಒಲೆಗ್ ಲೋಸೆವ್ ಎಂಬ ತರುಣನು ಅದೇ ಮಿನುಗನ್ನು ತಾನಾಗಿಯೇ ಕಂಡು, ಸುಮ್ಮನಾಗದೆ, ವರ್ಷಗಟ್ಟಲೆ ಅಳೆದು, 1927ರಿಂದ ಲೇಖನಗಳನ್ನು ಪ್ರಕಟಿಸಿದನು. ಹರಳು ಕಾದು ಬೆಳಗುತ್ತಿಲ್ಲ, ತಣ್ಣಗಿದ್ದೇ ಬೆಳಗುತ್ತಿದೆ ಎಂದು ಅವನು ತೋರಿಸಿಕೊಟ್ಟನು. ಅವನಿಗೆ ದೊಡ್ಡ ಪದವಿ ಇರಲಿಲ್ಲ, ಆಶ್ರಯದಾತರೂ ಇರಲಿಲ್ಲ. 1942ರಲ್ಲಿ ಜರ್ಮನರು ಮುತ್ತಿದ್ದ ಲೆನಿನ್‌ಗ್ರಾಡಿನಲ್ಲಿ ಹಸಿವಿನಿಂದ ಸತ್ತಾಗ ಅವನಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ.

ತಣ್ಣನೆಯ ಬೆಳಕು ಎಂಬುದರ ಅರ್ಥವನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಹಳೆಯ ಬಲ್ಬಿನಲ್ಲಿ ತಂತು ಕೆಂಡವಾದ ಮೇಲೆ ಬೆಳಕು. ಅಂದರೆ ನಾವು ಕೊಂಡ ವಿದ್ಯುತ್ತಿನ ಹೆಚ್ಚಿನ ಪಾಲು ಶಾಖವಾಗಿ ಪೋಲಾಗುತ್ತಿತ್ತು. ಹರಳಿನಲ್ಲಿ ಹಾಗಲ್ಲ. ಎಲೆಕ್ಟ್ರಾನು ಒಂದು ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ ನೇರವಾಗಿ ಬೆಳಕಾಗುತ್ತದೆ. ಮೆಟ್ಟಿಲು ಗಿಡ್ಡವಾದರೆ ಕೆಂಪು, ಎತ್ತರವಾದರೆ ನೀಲಿ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಮಾಡಿದರು. ನಿಮ್ಮ ಟ್ರಾನ್ಸಿಸ್ಟರಿನ ಮೂಲೆಯಲ್ಲಿ ಉರಿಯುವ ಕೆಂಪು ಚುಕ್ಕೆ ಅದರ ಸಂತಾನ. ಆದರೆ ಕೆಂಪಿನಿಂದ ದಾರಿ ಕಾಣುವುದಿಲ್ಲ. ಬಿಳಿ ಬೇಕಾದರೆ ಮೊದಲು ನೀಲಿ ಬೇಕು. ನೀಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ಶುದ್ಧವಾಗಿ ಬೆಳೆಸುವುದು ಮೂವತ್ತು ವರ್ಷಗಳವರೆಗೆ ಯಾರಿಗೂ ಸಾಧ್ಯವಾಗಲಿಲ್ಲ. ಅನೇಕರು ಕೈಬಿಟ್ಟರು. ಜಪಾನಿನ ನಗೋಯದಲ್ಲಿ ಅಕಸಾಕಿ ಮತ್ತು ಅವರ ಶಿಷ್ಯ ಅಮಾನೊ ಕೈಬಿಡಲಿಲ್ಲ. ಟೊಕುಷಿಮಾ ಪ್ರಾಂತದ ನಿಚಿಯಾ ಎಂಬ ರಾಸಾಯನಿಕ ಕಂಪೆನಿಯ ನೌಕರ ಶೂಜಿ ನಕಮುರಾ ಅವರೂ ಬಿಡಲಿಲ್ಲ. ಪ್ರಖರವಾದ ನೀಲಿ ಎಲ್‌ಇಡಿಯನ್ನು ಆ ಕಂಪೆನಿ 1993ರಲ್ಲಿ ಪ್ರಕಟಿಸಿತು. ನೀಲಿಯ ಮೇಲೆ ಹಳದಿ ಕಾರುವ ಪುಡಿಯನ್ನು ಲೇಪಿಸಿದರೆ ಎರಡೂ ಬೆರೆತು ಬಿಳಿಯಾಗುತ್ತದೆ. ಅಂಥ ಬಿಳಿ ದೀಪ 1996ರಲ್ಲಿ ಮಾರುಕಟ್ಟೆಗೆ ಬಂದಿತು. ಈ ಶೋಧಕ್ಕೆ ಕಂಪೆನಿ ನಕಮುರಾ ಅವರಿಗೆ ಕೊಟ್ಟಿದ್ದ ಬಹುಮಾನ ಇಪ್ಪತ್ತು ಸಾವಿರ ಯೆನ್. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2005ರಲ್ಲಿ ಸುಮಾರು 84 ಕೋಟಿ ಯೆನ್ನುಗಳ ರಾಜಿಯಲ್ಲಿ ಮುಗಿಯಿತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂದಿತು.

ನಿಮ್ಮ ಟಾರ್ಚಿನ ಗಾಜಿನೊಳಗೆ ಇಣುಕಿ ನೋಡಿ (ಆರಿಸಿದ ಮೇಲೆ ನೋಡಿ, ಉರಿಯುವಾಗ ಬೇಡ). ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಚೌಕವೊಂದು ಕಾಣುತ್ತದೆ. ಆ ಹಳದಿಯೇ ಲೇಪ. ನೀಲಿ ಅದರ ಕೆಳಗಿದೆ.

ಚರಿತ್ರೆಯನ್ನು ಇಷ್ಟು ಹೇಳಿದ್ದು ಒಂದು ಉದ್ದೇಶದಿಂದ. ಈಗ ಅಂಗಡಿಗೆ ಹೋದರೆ ಟಾರ್ಚಿನ ಪೆಟ್ಟಿಗೆಯ ಮೇಲೆ ಬಗೆಬಗೆಯ ಅಂಕೆಗಳು. ಒಂದರ ಮೇಲೆ ಐದು ಸಾವಿರ, ಪಕ್ಕದ್ದರ ಮೇಲೆ ಒಂದು ಲಕ್ಷ. ಬೆಲೆ ನೋಡಿದರೆ ಒಂದು ಲಕ್ಷದ್ದೇ ಅಗ್ಗ! ಇದನ್ನು ಜರಡಿ ಹಿಡಿಯಲು ಸಣ್ಣ ಲೆಕ್ಕವೊಂದು ಸಾಕು. ಬೆಳಕಿನ ಒಟ್ಟು ಮೊತ್ತವನ್ನು ಲ್ಯೂಮೆನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎರಡು ಸೆಲ್ಲಿನ ಹಳೆಯ ಟಾರ್ಚು ಕೊಡುತ್ತಿದ್ದುದು ಹತ್ತಿಪ್ಪತ್ತು ಲ್ಯೂಮೆನ್ ಮಾತ್ರ. ಅದರಲ್ಲಿಯೇ ನಮ್ಮ ಹಿಂದಿನವರು ಕಾಡುದಾರಿ ನಡೆದರು. ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವಾಟಿಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತದೆಂದು ಇಟ್ಟುಕೊಳ್ಳಿ. ಹಾಗಾದರೆ ಒಂದು ಲಕ್ಷ ಲ್ಯೂಮೆನ್ನಿಗೆ ಸಾವಿರ ವಾಟು ಬೇಕು. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ವಿದ್ಯುತ್ತು! ಹೆಬ್ಬೆರಳು ಗಾತ್ರದ ಸೆಲ್ಲು ಅದನ್ನು ಎಲ್ಲಿಂದ ತಂದೀತು? ಇಂಥ ಅಂಕೆಯುಳ್ಳ ಪೆಟ್ಟಿಗೆಯನ್ನು ಕೆಳಗಿಟ್ಟು ಮುಂದಕ್ಕೆ ನಡೆಯಿರಿ.

ನೆಚ್ಚಬಹುದಾದ ಅಂಕೆಯೂ ಉಂಟು. 2009ರಲ್ಲಿ ಅಮೆರಿಕದಲ್ಲಿ ಟಾರ್ಚು ತಯಾರಕರು ಕೂಡಿ ಎಫ್‌ಎಲ್-1 ಎಂಬ ಅಳತೆಯ ಕ್ರಮವೊಂದನ್ನು ಗೊತ್ತುಮಾಡಿದರು. ಹೆಸರುವಾಸಿ ಕಂಪೆನಿಗಳ ಪೆಟ್ಟಿಗೆಗಳ ಮೇಲೆ ಇದರ ಗುರುತುಗಳಿರುತ್ತವೆ. ಅದರ ಪ್ರಕಾರ ಟಾರ್ಚು ಎಷ್ಟು ದೂರ ಬೆಳಕು ಬೀರುತ್ತದೆ ಎಂದರೆ, ಹುಣ್ಣಿಮೆಯ ತಿಳಿ ಬೆಳದಿಂಗಳಷ್ಟು ಬೆಳಕು, ಅಂದರೆ ಕಾಲು ಲಕ್ಸ್, ಎಲ್ಲಿಯವರೆಗೆ ಉಳಿಯುತ್ತದೆಯೋ ಅಲ್ಲಿಯವರೆಗೆ. ಪೆಟ್ಟಿಗೆಯಲ್ಲಿ ಇನ್ನೂರು ಮೀಟರ್ ಎಂದಿದ್ದರೆ, ಇನ್ನೂರನೆಯ ಮೀಟರಿನಲ್ಲಿ ಬೆಳದಿಂಗಳಷ್ಟೇ ಇರುತ್ತದೆ. ದನವೋ ಪೊದೆಯೋ ಎಂದು ಗುರುತಿಸಲು ಅದರ ಅರ್ಧ ದೂರವನ್ನು ಲೆಕ್ಕ ಹಿಡಿಯಿರಿ. ಉರಿಯುವ ಕಾಲದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲ ಬೆಳಕಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಕಾಲವನ್ನೆಲ್ಲ 'ಉರಿಯುವ ಕಾಲ' ಎಂದೇ ಎಣಿಸುತ್ತಾರೆ. ಸಾವಿರ ಲ್ಯೂಮೆನ್, ಐದು ಗಂಟೆ ಎಂದು ಬರೆದಿದ್ದರೆ, ಸಾವಿರ ಇರುವುದು ಕೆಲವೇ ನಿಮಿಷ. ಆಮೇಲೆ ಬಿಸಿಯನ್ನು ತಡೆಯಲು ಟಾರ್ಚೇ ತನ್ನ ಬೆಳಕನ್ನು ಇಳಿಸಿಕೊಂಡಿರಬಹುದು. ಸುಳ್ಳಲ್ಲ, ಆದರೆ ನೀವು ತಿಳಿದುಕೊಂಡ ನಿಜವೂ ಅಲ್ಲ. ಬೆಳಕು ತಣ್ಣಗಾದರೂ ಹರಳಿನ ಬೆನ್ನು ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ದೊಡ್ಡ ಬೆಳಕಿನ ಟಾರ್ಚಿಗೆ ಅಲ್ಯುಮಿನಿಯಂ ಮೈ ಬೇಕು. ಹಗುರ ಪ್ಲಾಸ್ಟಿಕ್ ಮೈಯಿಟ್ಟುಕೊಂಡು ಸಾವಿರ ಹೇಳುವುದನ್ನು ನಂಬಬೇಡಿ.

ಇನ್ನು ಸೆಲ್ಲಿನ ವಿಚಾರ. ಹಣದ ಲೆಕ್ಕವೆಲ್ಲ ಇಲ್ಲಿಯೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಟಾರ್ಚನ್ನು ಕೊಳ್ಳುವುದು ಒಂದು ಸಲ, ಸೆಲ್ಲನ್ನು ಕೊಳ್ಳುವುದು ಆಗಾಗ. ದಿನವೂ ಬಳಸುವ ಮನೆಯಲ್ಲಿ ತಿಂಗಳಿಗೆ ಎರಡು ಸೆಲ್ಲು ಮುಗಿದರೆ ವರ್ಷಕ್ಕೆ 24. ಮೂರು ವರ್ಷಕ್ಕೆ 72. ಈ ಮೊತ್ತ ಬಹುಮಟ್ಟಿಗೆ ಟಾರ್ಚಿನ ಬೆಲೆಯನ್ನು ಮೀರುತ್ತದೆ. ಅಂಥವರು ಪುನಃ ವಿದ್ಯುತ್ತು ತುಂಬಬಹುದಾದ ಲಿಥಿಯಂ ಟಾರ್ಚನ್ನು ಕೊಳ್ಳುವುದೇ ಮೇಲು, ಮೊದಲ ಬೆಲೆ ಹೆಚ್ಚಾದರೂ ಸರಿಯೆ. 18650 ಎಂಬ ಸಂಖ್ಯೆಯ ಸೆಲ್ಲು ಇವುಗಳಲ್ಲಿ ಸಾಮಾನ್ಯ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಒಳ್ಳೆಯವುಗಳ ಸಾಮರ್ಥ್ಯ 2000ದಿಂದ 3500 ಮಿಲಿಆಂಪ್-ಗಂಟೆ. ಅದೇ ಗಾತ್ರದ್ದರ ಮೇಲೆ 9900 ಎಂದು ಅಚ್ಚಾಗಿದ್ದರೆ ಅಚ್ಚುಹಾಕಿದವನು ಧಾರಾಳಿ ಎಂದಷ್ಟೇ ತಿಳಿಯಿರಿ. 3000 ಸಾಮರ್ಥ್ಯದ್ದು ಸುಮಾರು ಹನ್ನೊಂದು ವಾಟ್-ಗಂಟೆಯ ಶಕ್ತಿಯನ್ನು ಹಿಡಿಯುತ್ತದೆ. ಸಾವಿರ ಲ್ಯೂಮೆನ್ನಿಗೆ ಒಂದು ಗಂಟೆ, ನೂರಕ್ಕೆ ಹತ್ತು ಗಂಟೆ.

ಬೀರುವಿನಲ್ಲಿಟ್ಟು, ಮಳೆಗಾಲದಲ್ಲಿ ಕರೆಂಟು ಹೋದಾಗ ಮಾತ್ರ ಹುಡುಕುವ ಮನೆಗೆ ಈ ಲೆಕ್ಕ ಸಲ್ಲದು. ಅಲ್ಲಿಗೆ ಎರಡು ಪೆನ್ಸಿಲ್ ಸೆಲ್ಲಿನ ಸಣ್ಣ ಟಾರ್ಚೇ ಉತ್ತಮ. ಕ್ಷಾರಸೆಲ್ಲು, ಅಂದರೆ ಆಲ್ಕಲೈನ್, ಹಾಕಿದರೆ ಐವತ್ತು ಅರವತ್ತು ಲ್ಯೂಮೆನ್ನನ್ನು ಏಳೆಂಟು ಗಂಟೆ ನಿರೀಕ್ಷಿಸಬಹುದು. ಮುಗಿದರೆ ಬೀದಿ ತುದಿಯ ಅಂಗಡಿಯಲ್ಲಿ ಸೆಲ್ಲು ದೊರೆಯುತ್ತದೆ, ಕರೆಂಟಿಗಾಗಿ ಕಾಯಬೇಕಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ಒಳಗೆ ಸೀಸದ ಬ್ಯಾಟರಿಯಿರುವ ಅಗ್ಗದ ದೀಪಗಳನ್ನು ಈ ಕೆಲಸಕ್ಕೆ ಹಲವರು ಕೊಳ್ಳುತ್ತಾರೆ. ಸೀಸದ ಬ್ಯಾಟರಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗೆ ಗಂಧಕದ ಲವಣ ಗಟ್ಟಿಯಾಗಿ ಸತ್ತುಹೋಗುತ್ತದೆ. ಮತ್ತೆ ಎಷ್ಟು ತುಂಬಿದರೂ ಏಳುವುದಿಲ್ಲ. ತಿಂಗಳಿಗೊಮ್ಮೆ ತಪ್ಪದೆ ತುಂಬುವ ಶಿಸ್ತಿದ್ದವರು ಕೊಳ್ಳಲಿ.

ಪಟ್ಟಣದ ಮನೆಯೊಳಗಿನ ಮಾತಾಯಿತು. ಆದರೆ ನಿಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಜಮೀನು ಉಂಟು. ತಂದೆಯವರೋ ಅಣ್ಣನೋ ರಾತ್ರಿಯ ಸರದಿಯಲ್ಲಿ ಕರೆಂಟು ಬಂದಾಗ ಪಂಪುಸೆಟ್ಟು ಚಾಲೂ ಮಾಡಲು ಗದ್ದೆಗೆ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುವಾಗ ಅವರಿಗಾಗಿ ಟಾರ್ಚು ಕೊಳ್ಳುವಿರಾದರೆ ಬೇರೆ ಕಣ್ಣಿನಿಂದ ನೋಡಬೇಕು. 2000ದಿಂದ 2019ರವರೆಗಿನ ಲೆಕ್ಕವನ್ನು ತೆಗೆದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರು. ಹೆಚ್ಚಿನವರು ಹಳ್ಳಿಯವರು. ಕೊಳಕುಮಂಡಲ ಇರುಳಿನಲ್ಲಿ ಬದುವಿನ ಮೇಲೆ ಒಣ ತರಗೆಲೆಯ ಬಣ್ಣದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅರ್ಧ ಮೈಲಿ ದೂರದ ತೆಂಗಿನ ತುದಿಯನ್ನು ತೋರಿಸುವ ಟಾರ್ಚು ಅದನ್ನು ತೋರಿಸಲಾರದು. ಇಲ್ಲಿ ಬೇಕಾದುದು ಕಾಲಿನ ಮುಂದಿನ ನಾಲ್ಕೈದು ಮಾರು ನೆಲದ ಮೇಲೆ ಅಗಲವಾಗಿ, ಸಮವಾಗಿ ಹರಡುವ ಬೆಳಕು. ನೂರರಿಂದ ಇನ್ನೂರು ಲ್ಯೂಮೆನ್ ಧಾರಾಳವಾಯಿತು. ಬೆಳಕಿನ ಬಣ್ಣವನ್ನೂ ನೋಡಿ. ನೀಲಿ ಛಾಯೆಯ ಬಿಳಿಯಲ್ಲಿ ಕೆಂಪಿನ ಅಂಶ ಕಡಿಮೆ. ಮಣ್ಣು, ಎಲೆ, ಹಾವಿನ ಮೈಯ ಕಂದು ಎಲ್ಲವೂ ಬೂದಿಯಾಗಿ ಕಾಣುತ್ತವೆ. ಪೆಟ್ಟಿಗೆಯ ಮೇಲೆ 6500 ಕೆ ಎಂದಿದ್ದರೆ ನೀಲಿ ಛಾಯೆ, 4000 ಕೆ ಎಂದಿದ್ದರೆ ಹದವಾದ ಬಿಳಿ. ಎರಡೂ ಸಿಗುವಾಗ ಎರಡನೆಯದನ್ನು ಆರಿಸಿಕೊಳ್ಳಿ. ಮಳೆಯಲ್ಲಿ ಹಿಡಿಯುವ ವಸ್ತುವಾದ್ದರಿಂದ ಐಪಿಎಕ್ಸ್-4 ಎಂಬ ಗುರುತಾದರೂ ಇರಬೇಕು. ಅದು ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆಂದು ಅರ್ಥ. ಕಾಲುವೆಗೆ ಬೀಳಿಸುವ ಸಂಭವವಿದ್ದರೆ ಐಪಿಎಕ್ಸ್-7, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಒಂದು ಕೈಯಲ್ಲಿ ಗುದ್ದಲಿ ಇರುವವರಿಗೆ ಹಣೆಗೆ ಕಟ್ಟುವ ದೀಪ ಇನ್ನೂ ಅನುಕೂಲ. ಹಿರಿಯರು "ಗಣಿಗೆ ಹೋಗುತ್ತೇನೆಯೆ?" ಎಂದು ಮೊದಲು ನಕ್ಕಾರು, ವಾರದ ಮೇಲೆ ಬಿಡಲಾರರು.

ಅವರಿಗೆ ಕೊಡುವ ಟಾರ್ಚಿಗೆ ಗುಂಡಿ ಒಂದೇ ಇರಲಿ. ಒತ್ತಿದಾಗಲೆಲ್ಲ ಜೋರು, ಮಂದ, ಮಿಣುಕು, ಅಪಾಯದ ಸಂಕೇತ ಎಂದು ಐದು ಅವತಾರ ತಾಳುವ ಟಾರ್ಚುಗಳು ಈಗ ಹೇರಳ. ಕತ್ತಲೆಯಲ್ಲಿ, ಗಾಬರಿಯಲ್ಲಿ, ಒದ್ದೆ ಕೈಯಲ್ಲಿ ಒತ್ತಿದಾಗ ಮೊದಲು ಬರಬೇಕಾದುದು ಬೆಳಕು, ಮಿಣುಕಾಟವಲ್ಲ.

ಎಲ್‌ಇಡಿಯ ಒಂದು ಗುಣವನ್ನು ಹೊಸಬರು ತಿಳಿದಿರಬೇಕು. ಹಳೆಯ ಟಾರ್ಚು ಸೆಲ್ಲು ಮುಗಿಯುವ ಮುಂಚೆ ಹಳದಿಯಾಗಿ, ಕೆಂಪಾಗಿ, ಎಚ್ಚರಿಸಿ ಆರುತ್ತಿತ್ತು. ಹೊಸ ಟಾರ್ಚುಗಳಲ್ಲಿ ಹಲವು ಕೊನೆಯವರೆಗೂ ಒಂದೇ ಸಮ ಬೆಳಗಿ ತಟಕ್ಕನೆ ನಿಲ್ಲುತ್ತವೆ. ಸೆಲ್ಲಿನ ಮಟ್ಟ ತೋರಿಸುವ ಪುಟ್ಟ ಸೂಚಕ ದೀಪವಿರುವುದನ್ನು ನೋಡಿ ಕೊಳ್ಳಿ, ಇಲ್ಲವೆ ಜೇಬಿನಲ್ಲಿ ಸೆಲ್ಲಿನ ಜೋಡಿಯೊಂದು ಇರಲಿ.

ಅಂಗಡಿಯಲ್ಲಿ ಹಗಲು ಬೆಳಕಿನಲ್ಲಿ ಪರೀಕ್ಷಿಸುವುದು ಹೇಗೆ ಎಂದು ಕೇಳಬಹುದು. ಮೇಜಿನ ಕೆಳಗಿನ ನೆರಳಿಗೆ ಬೆಳಕು ಬಿಟ್ಟು ವೃತ್ತದ ಅಂಚನ್ನು ನೋಡಿ; ನಡುವೆ ಕಪ್ಪು ಕಲೆ, ಉಂಗುರಗಳು ಇರಬಾರದು. ಅಂಗೈಯ ಮೇಲೆ ಬಿಟ್ಟು ಚರ್ಮದ ಬಣ್ಣ ಸಹಜವಾಗಿದೆಯೇ ನೋಡಿ. ಐದು ನಿಮಿಷ ಉರಿಸಿ ಕತ್ತನ್ನು ಮುಟ್ಟಿ. ಬೆಚ್ಚಗಾಗಿದ್ದರೆ ಬಿಸಿ ಹೊರಗೆ ಬರುತ್ತಿದೆ, ಅದು ಒಳ್ಳೆಯದೇ. ಸೆಲ್ಲಿನ ಮುಚ್ಚಳದ ಮರೆಯನ್ನು ಎರಡು ಸಲ ಬಿಚ್ಚಿ ತಿರುಗಿಸಿ, ಅದರ ಬುಡದಲ್ಲಿ ರಬ್ಬರಿನ ಬಳೆ ಇದೆಯೇ ಎಂದೂ ನೋಡಿ. ಮಕ್ಕಳ ಆಟಕ್ಕೆಂದು ಮಾರುವ, ಕಾಸಿನಂಥ ಚಪ್ಪಟೆ ಲಿಥಿಯಂ ಸೆಲ್ಲಿನ ಪುಟ್ಟ ದೀಪಗಳನ್ನು ಎಳೆಯ ಮಕ್ಕಳಿರುವ ಮನೆಗೆ ತರಲೇಬೇಡಿ. ನುಂಗಿದರೆ ಆ ಸೆಲ್ಲು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ತಂದ ಮೇಲೆ ಬಳಸದೆ ಇಡುವುದಾದರೆ ಒಣ ಸೆಲ್ಲನ್ನು ಹೊರಗೆ ತೆಗೆದು, ಟಾರ್ಚಿನ ಜೊತೆಯಲ್ಲಿಯೇ ಒಂದು ಕಾಗದದಲ್ಲಿ ಸುತ್ತಿಡಿ. ಗಾಸ್ನರನ ಕಾಲದಿಂದಲೂ ಅಗ್ಗದ ಸೆಲ್ಲಿನ ಸತುವಿನ ಬಟ್ಟಲೇ ಅದರ ಉರುವಲು. ವಿದ್ಯುತ್ತು ಕೊಡುತ್ತ ಕೊಡುತ್ತ ಬಟ್ಟಲು ತೂತಾಗಿ ರಸ ಸೋರುತ್ತದೆ, ಒಳಗಿನ ತಗಡನ್ನು ತಿನ್ನುತ್ತದೆ. ಲಿಥಿಯಂ ಸೆಲ್ಲನ್ನು ಅರ್ಧ ತುಂಬಿಸಿ, ಬಿಸಿಲು ಬೀಳದ ಕಡೆ ಇಡಿ. ಉಬ್ಬಿದ್ದನ್ನು ಮತ್ತೆ ತುಂಬಬೇಡಿ; ಕಸದ ಬುಟ್ಟಿಗೂ ಒಲೆಗೂ ಹಾಕಬೇಡಿ. ಹಳೆಯ ಬ್ಯಾಟರಿಗಳನ್ನು ತಯಾರಕರು ಹಿಂದಕ್ಕೆ ಪಡೆಯಬೇಕೆಂದು 2022ರ ನಿಯಮವಿದೆ. ಕೊಂಡ ಅಂಗಡಿಯಲ್ಲಿ ಕೇಳಿ.